ಮರಗೆಲಸಕ್ಕೆ ಎಂಥ ಟೇಪು ಕೊಳ್ಳಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಕಾಮಾಕ್ಷಿಪಾಳ್ಯದ ನಮ್ಮ ಶೆಡ್ಡಿಗೆ ಶನಿವಾರ, ಭಾನುವಾರ ಮರಗೆಲಸ ಕಲಿಯಲು ಬರುವವರಲ್ಲಿ ಬ್ಯಾಂಕಿನವರಿದ್ದಾರೆ, ಸಾಫ್ಟ್‌ವೇರ್‌ನವರಿದ್ದಾರೆ, ನಿವೃತ್ತ ಮೇಷ್ಟ್ರುಗಳೂ ಇದ್ದಾರೆ. ಉಳಿ, ಗರಗಸಕ್ಕಿಂತ ಹೆಚ್ಚಾಗಿ ಅವರು ಕೇಳುವುದು ಟೇಪಿನ ಬಗ್ಗೆ. ಉಳಿ ಮೊಂಡಾದರೆ ಕೈಗೆ ಕೂಡಲೇ ಗೊತ್ತಾಗುತ್ತದೆ, ಟೇಪು ತಪ್ಪು ಹೇಳಿದ್ದು ಗೊತ್ತಾಗುವುದು ಹಲಗೆ ಕತ್ತರಿಸಿಯಾದ ಮೇಲೆ. ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇನೆ.

## ಮೊದಲ ಟೇಪು ಕೊಳ್ಳುವವರಿಗೆ

ಮನೆಯಲ್ಲಿ ಹಳೆಯ ಟೇಪು ಒಂದಿದೆ ಸರ್. ಮರಗೆಲಸಕ್ಕೂ ಅದೇ ಸಾಲದೇ?

ಕಿಟಕಿಯ ಪರದೆಯಲ್ಲಿ ಎರಡು ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ಯಾರಿಗೂ ತಿಳಿಯುವುದಿಲ್ಲ. ಡ್ರಾಯರ್ ಹಾಗಲ್ಲ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಟೆಲಿಸ್ಕೋಪಿಕ್ ಚಾನೆಲ್‌ಗೆ (ಡ್ರಾಯರ್ ಜಾರುವ ಲೋಹದ ಹಳಿಗೆ) ಡ್ರಾಯರಿನ ಎರಡೂ ಬದಿಯಲ್ಲಿ ಅರ್ಧರ್ಧ ಇಂಚು, ಅಂದರೆ 12.7 ಮಿ.ಮೀ. ಜಾಗ ಬೇಕು. ಡ್ರಾಯರ್ ಎರಡು ಮಿಲಿಮೀಟರ್ ಅಗಲವಾದರೆ ಬಿಗಿದುಕೊಳ್ಳುತ್ತದೆ. ಅಷ್ಟೇ ಕಿರಿದಾದರೆ ಚಾನೆಲ್ ಜಗ್ಗಿ, ಒಳಗಿನ ಗುಂಡುಗಳು ಸರಿಯಾಗಿ ಉರುಳದೆ ಕರಕರ ಎನ್ನತೊಡಗುತ್ತದೆ. ನಿಮ್ಮ ಹಳೆಯ ಟೇಪಿನ ಅಂಕಿಗಳು ಸ್ಪಷ್ಟವಾಗಿದ್ದು, ತುದಿಯ ಕೊಕ್ಕೆ ಬಾಗಿರದೆ, ಪಟ್ಟಿಯಲ್ಲಿ ಮಡಿಕೆ ಬಿದ್ದಿರದಿದ್ದರೆ ಧಾರಾಳವಾಗಿ ಬಳಸಿ. ದರ್ಜಿಯ ಬಟ್ಟೆ ಟೇಪನ್ನು ಮಾತ್ರ ಮರದ ಹತ್ತಿರ ತರಬೇಡಿ, ಅದು ಎಳೆದರೆ ಹಿಗ್ಗುತ್ತದೆ.

ಮೂರು ಮೀಟರಿನದು ಸಾಕೋ, ಐದರದು ಬೇಕೋ, ಎಂಟರದು ತಂದುಬಿಡಲೋ?

ಎಂಟಡಿ-ನಾಲ್ಕಡಿಯ ಪ್ಲೈವುಡ್ ಹಾಳೆ 2440 × 1220 ಮಿ.ಮೀ. ಇರುತ್ತದೆ. ಅದರ ಕರ್ಣ ಅಳೆದರೂ 2730 ಮಿ.ಮೀ. ಒಳಗೇ ಮುಗಿಯುತ್ತದೆ. ಹಾಗಾಗಿ ಮೇಜಿನ ಮುಂದೆ ನಿಂತು ಮಾಡುವ ಕೆಲಸಕ್ಕೆ 3 ಮೀಟರ್ ಟೇಪು ಸಾಕು. ಅದು ಹಗುರ, ಜೇಬಿನಲ್ಲಿ ಭಾರವಾಗುವುದಿಲ್ಲ, ಕೈಜಾರಿ ಬಿದ್ದರೂ ಪೆಟ್ಟು ಕಡಿಮೆ. ಆದರೆ ಹತ್ತಡಿ ಎತ್ತರದ ಚಾವಣಿಗೆ ಮುಟ್ಟುವ ವಾರ್ಡ್‌ರೋಬ್ ಎಂದರೆ 3048 ಮಿ.ಮೀ. ಆಯಿತು, ಮೂರರದು ಅಲ್ಲಿಗೆ ಸಾಲುವುದಿಲ್ಲ. ಒಂದೇ ಟೇಪು ಕೊಳ್ಳುವುದಾದರೆ 5 ಮೀಟರ್ ಉದ್ದ, 19 ಮಿ.ಮೀ. ಅಗಲದ ಪಟ್ಟಿಯದನ್ನು ಕೊಳ್ಳಿ. 8 ಮೀಟರಿನ, 25 ಮಿ.ಮೀ. ಅಗಲದ ಟೇಪು ಕೋಣೆ ಅಳೆಯುವವರಿಗೆ ಒಳ್ಳೆಯದು, ಯಾರೂ ಹಿಡಿಯದೆಯೇ ದೂರದವರೆಗೆ ನೆಟ್ಟಗೆ ನಿಲ್ಲುತ್ತದೆ. ಮರದ ಮೇಲೆ ಸಣ್ಣ ಗುರುತು ಹಾಕಲು ಆ ಅಗಲದ ಪಟ್ಟಿ ನನಗೆ ಒಗ್ಗಿಲ್ಲ.

ಯಾವ ಕಂಪನಿಯದು? ಒಂದೇ ಒಂದು ಹೆಸರು ಹೇಳಿಬಿಡಿ.

ಲೂಧಿಯಾನದ ಫ್ರೀಮನ್ಸ್, ಅಮೆರಿಕದ ಸ್ಟ್ಯಾನ್ಲಿ, ಜಪಾನಿನ ತಾಜಿಮಾ, ಕೊರಿಯಾದ ಕೊಮೆಲಾನ್, ಈ ನಾಲ್ಕರಲ್ಲಿ ಯಾವುದರಿಂದಲೂ ಒಳ್ಳೆಯ ಪೀಠೋಪಕರಣ ಮಾಡಬಹುದು. ಒಂದೇ ಹೆಸರು ಹೇಳದಿರಲು ಕಾರಣವಿದೆ. ಒಂದೇ ಪೆಟ್ಟಿಗೆಯಿಂದ ತೆಗೆದ ಎರಡು ಟೇಪುಗಳ ಕೊಕ್ಕೆ ಒಂದೇ ಥರ ಕೂತಿರುವುದಿಲ್ಲ, ಸಾಗಣೆಯಲ್ಲಿ ಒಂದಕ್ಕೆ ಪೆಟ್ಟು ಬಿದ್ದಿರಬಹುದು. ಆದ್ದರಿಂದ ಕಂಪನಿಯನ್ನು ಆರಿಸಿದ ಮೇಲೆ ಆ ಪೆಟ್ಟಿಗೆಯೊಳಗಿನ ಟೇಪನ್ನೂ ಆರಿಸಬೇಕು.

ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತಿರುವಾಗ ಪೇಟೆಗೆ ಏಕೆ ಹೋಗಬೇಕು?

ಆರಿಸಲಿಕ್ಕೆ. ಎಸ್‌.ಪಿ. ರಸ್ತೆಯಲ್ಲೋ ಎನ್‌.ಆರ್‌. ರಸ್ತೆಯಲ್ಲೋ ಹಾರ್ಡ್‌ವೇರ್ ಅಂಗಡಿಗೆ ಹೋದರೆ ಒಂದೇ ಮಾದರಿಯ ನಾಲ್ಕು ಟೇಪುಗಳನ್ನು ಮುಂದಿಡಿ ಎಂದು ಕೇಳಬಹುದು. ನಾಲ್ಕನ್ನೂ ಒಂದು ಮೀಟರ್ ಎಳೆದು, ಗಲ್ಲಾಪೆಟ್ಟಿಗೆಯ ಅಂಚಿಗೆ ಕೊಕ್ಕೆ ಸಿಕ್ಕಿಸಿ ಪಕ್ಕಪಕ್ಕದಲ್ಲಿ ಹಿಡಿದರೆ, ಒಂದು ಮೀಟರಿನ ಗೆರೆ ಯಾವುದರಲ್ಲಿ ದಾರಿ ತಪ್ಪಿದೆ ಎಂದು ಕಣ್ಣಿಗೇ ಕಾಣುತ್ತದೆ. ಜೇಬಿನಲ್ಲಿ 300 ಮಿ.ಮೀ. ಉಕ್ಕಿನ ಸ್ಕೇಲ್ ಇಟ್ಟುಕೊಂಡು ಹೋಗಿ. ಅಂಗಡಿಯವರು ಬೇಸರಿಸಿಕೊಳ್ಳುತ್ತಾರೆಂಬ ಸಂಕೋಚ ಬೇಡ. ಬೆಳಗ್ಗೆ ಅಂಗಡಿ ತೆರೆದ ಹೊತ್ತಿಗೆ ಹೋದರೆ ಅವರಿಗೂ ಪುರುಸೊತ್ತು ಇರುತ್ತದೆ. ಅಂಕಿಗಳ ಅಚ್ಚು ಮಸುಕಾಗಿದ್ದರೆ, ಗೆರೆಗಳು ಒಂದು ಕಡೆ ದಪ್ಪ ಒಂದು ಕಡೆ ತೆಳು ಇದ್ದರೆ, ಕಂಪನಿಯ ಹೆಸರು ಎಷ್ಟೇ ದೊಡ್ಡದಿರಲಿ, ಅದನ್ನು ಅಲ್ಲೇ ಬಿಟ್ಟುಬನ್ನಿ.

ನಮ್ಮ ಆಚಾರ್ರು ಅಡಿ, ಇಂಚು, ನೂಲು ಎನ್ನುತ್ತಾರೆ. ನಾನು ಮಿಲಿಮೀಟರ್ ಕಲಿತಿದ್ದೇನೆ. ಯಾವುದು ಸರಿ?

ಎರಡರಲ್ಲೂ ಒಳ್ಳೆಯ ಕೆಲಸ ಆಗಿದೆ. ಒಂದು ಇಂಚಿಗೆ ಎಂಟು ನೂಲು, ಒಂದು ನೂಲು ಎಂದರೆ 3.175 ಮಿ.ಮೀ. ಉತ್ತರದಿಂದ ಬಂದ ಬಡಗಿಗಳು ಅದನ್ನೇ ಸೂತ್ ಎನ್ನುತ್ತಾರೆ. ತೇಗದ ಮರವನ್ನು ಘನ ಅಡಿಯ ಲೆಕ್ಕದಲ್ಲೇ ಮಾರುತ್ತಾರೆ, ಆಯ ನೋಡಿ ಹೇಳುವ ಹೆಬ್ಬಾಗಿಲಿನ ಅಳತೆಯೂ ಅಡಿ-ಇಂಚಿನಲ್ಲೇ ಬರುತ್ತದೆ. ಪ್ಲೈವುಡ್ಡಿನ ದಪ್ಪ, ಕೀಲು, ಚಾನೆಲ್ ಮಾತ್ರ ಮಿಲಿಮೀಟರಿನಲ್ಲಿ. ತೊಡಕು ಹುಟ್ಟುವುದು ಒಂದರಿಂದ ಇನ್ನೊಂದಕ್ಕೆ ಬಾಯಿಲೆಕ್ಕದಲ್ಲಿ ದಾಟುವಾಗ: "ಒಂದು ನೂಲು ಎಂದರೆ ಮೂರು ಮಿಲಿಮೀಟರ್" ಎಂದು ಎಂಟು ಸಲ ಕೂಡಿಸಿದರೆ 24 ಆಗುತ್ತದೆ, ಇಂಚು ಇರುವುದು 25.4. ಹೊಸಬರು ಮಿಲಿಮೀಟರಿನಲ್ಲೇ ಕೆಲಸ ಮಾಡಿ. ಕೂಡುವುದು, ಕಳೆಯುವುದು, ಅರ್ಧ ಮಾಡುವುದು ಸುಲಭ. ಆಚಾರ್ರ ಜೊತೆ ಕೆಲಸ ಮಾಡುವಾಗ ಎರಡೂ ಗುರುತಿರುವ ಟೇಪು ಇರಲಿ, ಅವರು ಹೇಳಿದ ಅಳತೆಯನ್ನು ಲೆಕ್ಕ ಹಾಕದೆ ಪಟ್ಟಿಯ ಮೇಲೆಯೇ ಹುಡುಕಿ ಓದಿ.

## ಪಟ್ಟಿಯ ಮೇಲಿನ ಗುರುತುಗಳು

ಟೇಪಿನ ಆರಂಭದಲ್ಲಿ ಮೊಟ್ಟೆಯಾಕಾರದೊಳಗೆ ರೋಮನ್ ಎರಡು ಬರೆದಿದೆ. ಅದೇನು?

ಅದು ನಿಖರತೆಯ ದರ್ಜೆ. ಯೂರೋಪಿನ ನಿಯಮದಂತೆ ದರ್ಜೆ ಒಂದು, ಎರಡು, ಮೂರು ಎಂದಿವೆ. ಒಂದು ಎಲ್ಲಕ್ಕಿಂತ ನಿಖರ. ದರ್ಜೆ ಎರಡರ ಟೇಪಿನಲ್ಲಿ ಅನುಮತಿಸಿರುವ ದೋಷ ಹೀಗೆ: 0.3 ಮಿ.ಮೀ., ಅದರ ಮೇಲೆ ಪ್ರತಿ ಮೀಟರಿಗೆ 0.2 ಮಿ.ಮೀ. ಅರ್ಧ ಮೀಟರನ್ನೂ ಪೂರ್ತಿ ಮೀಟರ್ ಎಂದೇ ಎಣಿಸಬೇಕು. ಒಂದು ಮೀಟರಿಗೆ ±0.5, ಮೂರಕ್ಕೆ ±0.9, ಐದಕ್ಕೆ ±1.3 ಮಿ.ಮೀ. ಆಯಿತು. ದರ್ಜೆ ಒಂದರಲ್ಲಿ ಇವೇ ±0.2, ±0.4, ±0.6. ದರ್ಜೆ ಮೂರರಲ್ಲಿ ಐದು ಮೀಟರಿಗೆ ±2.6ರವರೆಗೂ ಹೋಗಬಹುದು.

ಇನ್ನೊಂದು ಅಂಶ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಗೆರೆಯಿಂದ ಗೆರೆಗೆ ಅಳೆಯದೆ ತುದಿಯಿಂದ ಅಳೆದರೆ, ದರ್ಜೆ ಎರಡಕ್ಕೆ ಇನ್ನೂ 0.2 ಮಿ.ಮೀ. ವಿನಾಯಿತಿ ಕೊಟ್ಟಿದ್ದಾರೆ. ಅಂದರೆ ನಿಯಮ ಬರೆದವರೇ ಕೊಕ್ಕೆಯನ್ನು ಪಟ್ಟಿಯಷ್ಟು ನಂಬಿಲ್ಲ. ನಮ್ಮಲ್ಲಿ ಉಕ್ಕಿನ ಟೇಪಿಗೆ ಐಎಸ್ 1269 ಎಂಬ ಮಾನಕದ ಎರಡನೇ ಭಾಗವಿದೆ. ಯಾವ ದರ್ಜೆಯೂ, ಯಾವ ಮಾನಕವೂ ಬರೆದಿರದ ಟೇಪನ್ನು ಮರಗೆಲಸಕ್ಕೆ ಕೊಳ್ಳಬೇಡಿ.

ದರ್ಜೆ ಒಂದಕ್ಕೆ ಅಷ್ಟು ಹೆಚ್ಚು ಹಣ ಕೊಡುವುದರಲ್ಲಿ ಅರ್ಥವಿದೆಯೇ?

ನೀವು ಹಲವರ ಜೊತೆ ಕೆಲಸ ಮಾಡುವವರಾದರೆ ಇದೆ. ದರ್ಜೆ ಎರಡರ ಎರಡು ಟೇಪುಗಳಲ್ಲಿ ಒಂದು ಹೆಚ್ಚು ತೋರಿಸಿ ಇನ್ನೊಂದು ಕಡಿಮೆ ತೋರಿಸಿದರೆ, ಮೂರು ಮೀಟರಿನಲ್ಲಿ ಅವೆರಡರ ನಡುವೆ 1.8 ಮಿ.ಮೀ. ಅಂತರ ಬಂದರೂ ಎರಡೂ ನಿಯಮದೊಳಗೇ ಇರುತ್ತವೆ. ದರ್ಜೆ ಒಂದರ ಜೋಡಿಯಲ್ಲಿ ಅದು 0.8ಕ್ಕೆ ಇಳಿಯುತ್ತದೆ. ಒಬ್ಬರೇ ಕೆಲಸ ಮಾಡುವವರು, ಆರಂಭದಿಂದ ಕೊನೆಯವರೆಗೆ ಒಂದೇ ಟೇಪು ಹಿಡಿಯುವವರು ದರ್ಜೆ ಎರಡರಲ್ಲಿ ನಿಶ್ಚಿಂತೆಯಿಂದ ಇರಬಹುದು. ಉಳಿದ ಹಣಕ್ಕೆ ಒಂದು ಒಳ್ಳೆಯ ಮೂಲೆಮಟ್ಟ ಕೊಳ್ಳಿ.

ಕೆಲವು ಟೇಪುಗಳಲ್ಲಿ 16 ಇಂಚಿಗೊಂದು ಕೆಂಪು ಗುರುತು, 19.2 ಇಂಚಿಗೊಂದು ಕಪ್ಪು ವಜ್ರದ ಗುರುತು ಇದೆ. ಏಕೆ?

ಅಮೆರಿಕದಲ್ಲಿ ಮನೆಯ ಗೋಡೆ, ನೆಲಗಳನ್ನೇ ಮರದ ಚೌಕಟ್ಟಿನಲ್ಲಿ ಕಟ್ಟುತ್ತಾರೆ. ಎಂಟಡಿಯನ್ನು ಆರು ಭಾಗ ಮಾಡಿದರೆ 16 ಇಂಚು, ಐದು ಭಾಗ ಮಾಡಿದರೆ 19.2 ಇಂಚು, ಕಂಬ, ತೊಲೆಗಳನ್ನು ಆ ಅಂತರದಲ್ಲಿ ನಿಲ್ಲಿಸಲು ಆ ಗುರುತು. ನಮ್ಮ ಕಪಾಟಿನ ಕೆಲಸಕ್ಕೆ ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ.

## ಕೊಕ್ಕೆ ಮತ್ತು ಪರೀಕ್ಷೆ

ಹೊಸ ಟೇಪಿನ ಕೊಕ್ಕೆ ಅಲ್ಲಾಡುತ್ತಿದೆ. ಅಂಗಡಿಗೆ ವಾಪಸ್ ಕೊಡಲೇ?

ಕೊಡಬೇಡಿ, ಅದು ಅಲ್ಲಾಡಲೇಬೇಕು. ಹಲಗೆಯ ಅಂಚಿಗೆ ಸಿಕ್ಕಿಸಿ ಎಳೆದಾಗ ಅಳತೆ ಶುರುವಾಗುವುದು ಕೊಕ್ಕೆಯ ಒಳಮೈಯಿಂದ. ಕಪಾಟಿನೊಳಗೆ ಗೋಡೆಗೆ ಒತ್ತಿದಾಗ ಶುರುವಾಗುವುದು ಹೊರಮೈಯಿಂದ. ಎರಡರ ನಡುವೆ ಕೊಕ್ಕೆಯ ತಗಡಿನ ದಪ್ಪದಷ್ಟು, ಸುಮಾರು ಒಂದು ಮಿಲಿಮೀಟರ್, ವ್ಯತ್ಯಾಸ. ಆ ವ್ಯತ್ಯಾಸವನ್ನು ಸರಿದೂಗಿಸಲು ರಿವೆಟ್ ಕೂರುವ ತೂತುಗಳನ್ನು ಉದ್ದುದ್ದ ಮಾಡಿ, ಕೊಕ್ಕೆ ಅಷ್ಟೇ ಹಿಂದೆ ಮುಂದೆ ಜರುಗುವಂತೆ ಬಿಟ್ಟಿರುತ್ತಾರೆ. ಸಡಿಲವೆಂದು ತಿಳಿದು ಸುತ್ತಿಗೆಯಿಂದ ರಿವೆಟ್ ಬಿಗಿ ಮಾಡಿದವರನ್ನು ನೋಡಿದ್ದೇನೆ. ಅವರ ಒಳ ಅಳತೆಯೋ ಹೊರ ಅಳತೆಯೋ ಅಂದಿನಿಂದ ಶಾಶ್ವತವಾಗಿ ತಪ್ಪುತ್ತದೆ. ಕೊಕ್ಕೆ ಅಕ್ಕಪಕ್ಕಕ್ಕೆ ತಿರುಗಿದರೆ ಅಥವಾ ಮೇಲಕ್ಕೆ ಕೆಳಕ್ಕೆ ಎದ್ದರೆ ಮಾತ್ರ ಆ ಟೇಪು ಬೇಡ.

ಟೇಪು ಸರಿಯಿದೆಯೇ ಎಂದು ನಾನೇ ಪರೀಕ್ಷಿಸುವುದು ಹೇಗೆ?

300 ಮಿ.ಮೀ. ಉಕ್ಕಿನ ಸ್ಕೇಲ್ ಒಂದಿದ್ದರೆ ಸಾಕು. ತುದಿಯಿಂದಲೇ ಸೊನ್ನೆ ಶುರುವಾಗುವ ಸ್ಕೇಲ್ ಆಗಿರಬೇಕು. ಅದನ್ನು ಮೇಜಿನ ಅಂಚಿನಿಂದ ಸ್ವಲ್ಪ ಹೊರಚಾಚುವಂತೆ ಇಡಿ. ಇಲ್ಲದಿದ್ದರೆ ಕೊಕ್ಕೆ ಮೇಜಿಗೆ ತಾಗಿ ಎತ್ತಿಕೊಳ್ಳುತ್ತದೆ. ಸ್ಕೇಲಿನ ತುದಿಗೆ ಕೊಕ್ಕೆ ಸಿಕ್ಕಿಸಿ ಮೆಲ್ಲನೆ ಎಳೆದು 300ರ ಗೆರೆಗಳು ಕೂಡುತ್ತವೆಯೇ ನೋಡಿ. ಇದು ಹೊರ ಅಳತೆಯ ಪರೀಕ್ಷೆ. ಆಮೇಲೆ ಒಂದು ಚೌಕದ ಮರದ ತುಂಡನ್ನು ಮೇಜಿಗೆ ಬಿಗಿದು, ಸ್ಕೇಲಿನ ತುದಿಯನ್ನೂ ಟೇಪಿನ ಕೊಕ್ಕೆಯನ್ನೂ ಅದಕ್ಕೆ ಒತ್ತಿ ಹಿಡಿದು ಮತ್ತೆ 300ನ್ನು ನೋಡಿ. ಇದು ಒಳ ಅಳತೆಯದು. ಎರಡರಲ್ಲೂ ಗೆರೆಗಳು ಕೂಡಿದರೆ ಕೊಕ್ಕೆ ಆರೋಗ್ಯವಾಗಿದೆ. ಒಂದರಲ್ಲಿ ಕೂಡಿ ಇನ್ನೊಂದರಲ್ಲಿ ತಪ್ಪಿದರೆ ರಿವೆಟ್ಟಿನ ತೂತು ಸವೆದಿದೆ ಇಲ್ಲವೇ ಕೊಕ್ಕೆ ಬಾಗಿದೆ. ಎರಡರಲ್ಲೂ ಒಂದೇ ಕಡೆಗೆ, ಒಂದೇ ಅಳತೆಯಲ್ಲಿ ತಪ್ಪಿದರೆ ಕೊಕ್ಕೆ ಕೂತ ಜಾಗವೇ ಜರುಗಿದೆ.

ನಮ್ಮ ಶೆಡ್ಡಿನಲ್ಲಿ ಆಯುಧಪೂಜೆಯ ಹಿಂದಿನ ದಿನ ಉಪಕರಣಗಳನ್ನೆಲ್ಲ ಒರೆಸುತ್ತೇವೆ. ಎಲ್ಲ ಟೇಪುಗಳಿಗೂ ಅಂದು ಈ ಪರೀಕ್ಷೆ ನಡೆಯುತ್ತದೆ, ತಪ್ಪಿದವು ಪೂಜೆಯ ಮಣೆಗೆ ಏರುವುದಿಲ್ಲ. ವರ್ಷದ ನಡುವೆ ಯಾವುದಾದರೂ ಏಣಿಯ ಮೇಲಿಂದ ಬಿದ್ದರೆ ಆ ಕ್ಷಣವೇ ಪರೀಕ್ಷೆ.

ಕೊಕ್ಕೆ ಸ್ವಲ್ಪ ಬಾಗಿದೆ ಅಷ್ಟೇ. ಇಕ್ಕಳದಲ್ಲಿ ನೇರ ಮಾಡಿಕೊಂಡರೆ ಆಗದೇ?

ಮಾಡಿ, ಮಾಡಿದ ಮೇಲೆ ಉಕ್ಕಿನ ಸ್ಕೇಲಿಗೆ ಹೋಲಿಸಿ. ಒಳ-ಹೊರ ಎರಡೂ ಅಳತೆ ಕೂಡಿದರೆ ಬಳಸಿ. ಕೂಡದಿದ್ದರೆ ಆ ಟೇಪಿನ ಮೇಲೆ ಕೆಂಪು ಬಣ್ಣ ಬಳಿದು ಗೋಡೆ, ಗಾರೆಯ ಕೆಲಸಕ್ಕೆ ಎತ್ತಿಡಿ. ಬಣ್ಣ ಬಳಿಯದೆ ಬಿಟ್ಟರೆ ಅವಸರದ ದಿನ ಅದೇ ಕೈಗೆ ಬರುತ್ತದೆ. 18 ಮಿ.ಮೀ. ಪ್ಲೈವುಡ್ಡಿನ ಒಂದು ಹಾಳೆ ಎಂದರೆ 32 ಚದರ ಅಡಿ. ಅದನ್ನು ತಪ್ಪಾಗಿ ಕತ್ತರಿಸಿದ ನಷ್ಟದಲ್ಲಿ ಎಷ್ಟೋ ಟೇಪು ಬರುತ್ತವೆ.

## ಬಾಳಿಕೆ

ಆರು ತಿಂಗಳಲ್ಲೇ ಮೊದಲ ಅಂಕಿಗಳು ಅಳಿಸಿಹೋಗುತ್ತವೆ. ಬಾಳಿಕೆ ಬರುವಂಥದ್ದನ್ನು ಗುರುತಿಸುವುದು ಹೇಗೆ?

ಸವೆಯುವುದು ಯಾವಾಗಲೂ ಮೊದಲ ಒಂದಡಿ. ಅದು ದಿನಕ್ಕೆ ನೂರು ಸಲ ಟೇಪಿನ ಗೂಡಿನ (ಪಟ್ಟಿ ಸುತ್ತಿಕೊಳ್ಳುವ ಹೊರಕವಚದ) ಬಾಯಿಯಲ್ಲಿ ಉಜ್ಜಿಕೊಂಡು ಓಡಾಡುತ್ತದೆ. ಅಂಕಿಗಳ ಮೇಲೆ ನೈಲಾನ್ ಅಥವಾ ಪಾಲಿಯೆಸ್ಟರ್ ಪೊರೆ ಇರುವ ಪಟ್ಟಿ ಬರೀ ಬಣ್ಣ ಬಳಿದದ್ದಕ್ಕಿಂತ ಬಹಳ ಕಾಲ ಉಳಿಯುತ್ತದೆ. ಬೆರಳಾಡಿಸಿದರೆ ಅಂಕಿಗಳು ಉಬ್ಬಾಗಿ ತಟ್ಟಬಾರದು. ಕೊಕ್ಕೆಗೆ ಎರಡಕ್ಕಿಂತ ಮೂರು ರಿವೆಟ್ ಇರುವುದು ಮೇಲು.

ಆದರೆ ಟೇಪಿನ ಆಯುಷ್ಯ ಹೆಚ್ಚಾಗಿ ನಿಮ್ಮ ಕೈಯಲ್ಲೇ ಇದೆ. ಪಟ್ಟಿಯನ್ನು ಪಟ್ಟೆಂದು ಬಿಟ್ಟು ಒಳಗೆ ಓಡಲು ಬಿಡುವ ಅಭ್ಯಾಸವನ್ನು ಇಂದೇ ನಿಲ್ಲಿಸಿ. ಪ್ರತಿ ಹೊಡೆತಕ್ಕೂ ಕೊಕ್ಕೆ ಗೂಡಿಗೆ ಬಡಿದು, ರಿವೆಟ್ಟಿನ ತೂತು ಕೂದಲೆಳೆಯಷ್ಟು ಉದ್ದವಾಗುತ್ತದೆ. ಕೊನೆಯ ಒಂದು ಗೇಣನ್ನು ಬೆರಳಿನಿಂದ ತಡೆದು ಒಳಬಿಡಿ. ನನ್ನ ಬಳಿ ಕಲಿಯುವವರಿಗೆ ಮೊದಲ ದಿನ ನಾನು ಹೇಳಿಕೊಡುವುದು ಇದನ್ನೇ.

ಪಟ್ಟಿಗೆ ಫೆವಿಕಾಲ್ ಮೆತ್ತಿಕೊಂಡು ಒಳಗೆ ಹೋಗುತ್ತಿಲ್ಲ. ಎಣ್ಣೆ ಬಿಡಲೇ?

ಎಣ್ಣೆ ಬೇಡ, ಅದು ಮರದ ಪುಡಿಯನ್ನೆಲ್ಲ ಹಿಡಿದುಕೊಂಡು ಒಳಗಿನ ಸ್ಪ್ರಿಂಗಿಗೆ ಒಯ್ಯುತ್ತದೆ. ಪಾಲಿಶ್ ಮಾಡಬೇಕಾದ ಹಲಗೆಗೂ ಕಲೆ ಹತ್ತುತ್ತದೆ. ಪಟ್ಟಿಯನ್ನು ಪೂರ್ತಿ ಎಳೆದು ಲಾಕ್ ಮಾಡಿ, ಬೆಚ್ಚಗಿನ ನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಅಂಟಿನ ಮೇಲೆ ಸ್ವಲ್ಪ ಹೊತ್ತು ಇಟ್ಟು, ಮೆತ್ತಗಾದ ಮೇಲೆ ಉಗುರಿನಿಂದ ತೆಗೆಯಿರಿ. ಬ್ಲೇಡು ತಾಗಿಸಿದರೆ ಅಂಕಿಯೂ ಹೋಗುತ್ತದೆ. ಒಣಬಟ್ಟೆಯಿಂದ ಒರೆಸಿ, ತೇವ ಪೂರ್ತಿ ಆರಿದ ಮೇಲೆಯೇ ಒಳಬಿಡಿ. ಮಳೆಗಾಲದಲ್ಲಿ ಒದ್ದೆ ಪಟ್ಟಿ ಸುತ್ತಿಕೊಂಡು ಕೂತರೆ ತುಕ್ಕು ಒಳಗಿಂದ ಶುರುವಾಗುತ್ತದೆ.

ಅಯಸ್ಕಾಂತದ ಕೊಕ್ಕೆ ಒಳ್ಳೆಯದೇ?

ಕಬ್ಬಿಣದ ಕೆಲಸದವರಿಗೆ ಒಳ್ಳೆಯದು. ನಮ್ಮಲ್ಲಿ ಅದು ಸ್ಕ್ರೂ, ಅರದ ಪುಡಿಗಳನ್ನು ಎಳೆದುಕೊಳ್ಳುತ್ತದೆ. ಒಂದು ಕಣ ಕೊಕ್ಕೆಗೂ ಹಲಗೆಗೂ ನಡುವೆ ಸೇರಿದರೂ ಅಳತೆ ತಪ್ಪುತ್ತದೆ.

## ಕೈ ಪಳಗಿದವರಿಗೆ

ಇಬ್ಬರು ಅಳೆದರೆ ಎರಡು ಅಳತೆ ಬರುತ್ತದೆ. ಯಾರ ಟೇಪನ್ನು ನಂಬಬೇಕು?

ಯಾರದ್ದಾದರೂ ಸರಿ, ಒಂದನ್ನು ಮಾತ್ರ. ಕೆಲವು ವರ್ಷಗಳ ಹಿಂದೆ ವಿಜಯನಗರದ ಮನೆಯೊಂದಕ್ಕೆ ಆರು ಬಾಗಿಲಿನ ವಾರ್ಡ್‌ರೋಬ್ ಮಾಡುತ್ತಿದ್ದೆವು. ಪೆಟ್ಟಿಗೆಯ ಅಳತೆ ನನ್ನ ಟೇಪಿನದು, ಬಾಗಿಲುಗಳನ್ನು ಕತ್ತರಿಸಿದ ಹುಡುಗನ ಕೈಯಲ್ಲಿದ್ದುದು ಅವನದು. ಅವನ ಟೇಪಿನ ಕೊಕ್ಕೆ ಬಾಗಿತ್ತು. ಪ್ರತಿ ಬಾಗಿಲೂ ಒಂದೂವರೆ ಮಿಲಿಮೀಟರ್ ಅಗಲವಾಗಿ, ಆರರಲ್ಲಿ ಒಂಬತ್ತು ಮಿಲಿಮೀಟರ್ ಸೇರಿತು. ಲ್ಯಾಮಿನೇಟ್ ಅಂಟಿಸಿ ಅಂಚುಪಟ್ಟಿ ಹಾಕಿಯಾಗಿದ್ದ ಬಾಗಿಲುಗಳನ್ನು ಮತ್ತೆ ಬಿಚ್ಚಿ, ಹೆರೆದು, ಹೊಸ ಪಟ್ಟಿ ಹಾಕಿದೆವು. ಎರಡು ದಿನ ಹೋಯಿತು. ಅಂದಿನಿಂದ ಒಂದು ಕೆಲಸಕ್ಕೆ ಒಂದೇ ಟೇಪು. ಅದರ ಮೇಲೆ ಕಾಗದದ ಚೀಟಿ ಅಂಟಿಸಿ ಆ ಮನೆಯ ಹೆಸರು ಬರೆದಿರುತ್ತೇವೆ. ಎಲ್ಲ ಅಳತೆಯೂ ಅದೇ ಟೇಪಿನಿಂದ ಬಂದರೆ ಅದರ ಸಣ್ಣ ದೋಷ ಪೆಟ್ಟಿಗೆಯಲ್ಲೂ ಬಾಗಿಲಲ್ಲೂ ಒಂದೇ ಪ್ರಮಾಣದಲ್ಲಿ ಇರುತ್ತದೆ, ಹಾಗಾಗಿ ಬಾಗಿಲು ಕೂರುತ್ತದೆ. ಆದರೆ ಚಾನೆಲ್, ಕೀಲಿನಂಥ ಕಾರ್ಖಾನೆಯಿಂದ ಬಂದ ವಸ್ತುಗಳ ವಿಷಯದಲ್ಲಿ ಟೇಪು ನಿಜವಾಗಿಯೂ ಸರಿಯಿರಬೇಕು. ಅವು ನಿಮ್ಮ ಟೇಪಿನಿಂದ ಅಳೆದು ಮಾಡಿದವಲ್ಲ.

ಕೊಕ್ಕೆ ಬಿಟ್ಟು 10 ಸೆಂಟಿಮೀಟರಿನಿಂದ ಅಳೆಯಿರಿ ಎನ್ನುತ್ತಾರೆ. ನಿಜವಾಗಿಯೂ ಬೇಕೇ?

ಜೋಡಣೆಯ ಕೆಲಸದಲ್ಲಿ ನಾನು ಹಾಗೆಯೇ ಮಾಡುತ್ತೇನೆ. 100ರ ಗೆರೆಯನ್ನು ಹಲಗೆಯ ಅಂಚಿಗೆ ಕೂಡಿಸಿದರೆ ಕೊಕ್ಕೆಯ ಎಲ್ಲ ದೋಷವೂ ಲೆಕ್ಕದಿಂದ ಹೊರಗೆ ಹೋಗುತ್ತದೆ. ಅಪಾಯ ಒಂದೇ: 100 ಕಳೆಯಲು ಮರೆತು ಹಲಗೆ ಹತ್ತು ಸೆಂಟಿಮೀಟರ್ ಉದ್ದವಾಗುವುದು. ಓದಿದ ಅಂಕಿಯನ್ನು ಹಲಗೆಯ ಮೇಲೆ ಬರೆಯುವಾಗಲೇ ಕಳೆದು ಬರೆಯಿರಿ. ಪಟ್ಟಿಯ ಮೈ ಬಾಗಿರುವುದರಿಂದ ಅಂಕಿಯ ಅಂಚು ಮರದಿಂದ ಮೇಲಕ್ಕೆ ನಿಂತಿರುತ್ತದೆ. ಓರೆಯಿಂದ ನೋಡಿದರೆ ಅರ್ಧ ಮಿಲಿಮೀಟರ್ ಸುಲಭವಾಗಿ ತಪ್ಪುತ್ತದೆ. ಟೇಪನ್ನು ಸ್ವಲ್ಪ ವಾಲಿಸಿ, ಗೆರೆ ಮರಕ್ಕೇ ತಾಗುವಂತೆ ಮಾಡಿ ಗುರುತು ಹಾಕಿ.

ಕಪಾಟಿನ ಒಳ ಅಳತೆ ತೆಗೆಯುವಾಗ ಟೇಪು ಮೂಲೆಯಲ್ಲಿ ಬಾಗಿ ಅಂದಾಜಿಗೆ ಬೀಳಬೇಕಾಗುತ್ತದೆ.

ಅಂದಾಜು ಬೇಡ. ಎಡಗಡೆಯಿಂದ ಅಳೆದು ಸರಿಯಾಗಿ 500ಕ್ಕೆ ಸಣ್ಣ ಗುರುತು ಹಾಕಿ. ಬಲಗಡೆಯಿಂದ ಆ ಗುರುತಿನವರೆಗೆ ಅಳೆದು 500 ಕೂಡಿಸಿ. ಟೇಪಿನ ಗೂಡಿನ ಉದ್ದವನ್ನೂ ಅದರ ಮೇಲೆಯೇ ಬರೆದಿರುತ್ತಾರೆ. ಗೂಡನ್ನು ಗೋಡೆಗೆ ಒತ್ತಿ, ಓದಿದ್ದಕ್ಕೆ ಅಷ್ಟನ್ನು ಸೇರಿಸುವ ಕ್ರಮವೂ ಇದೆ. ನನ್ನ ಅನುಭವದಲ್ಲಿ ಮೊದಲಿನದೇ ಹೆಚ್ಚು ನಂಬಿಕೆಯದು.

ಬೇಸಿಗೆಯಲ್ಲಿ ಉಕ್ಕಿನ ಪಟ್ಟಿ ಹಿಗ್ಗುವುದಿಲ್ಲವೇ?

ಹಿಗ್ಗುತ್ತದೆ. ಟೇಪುಗಳ ಅಳತೆಯನ್ನು 20 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿರುತ್ತಾರೆ. ಏಪ್ರಿಲ್ ಮಧ್ಯಾಹ್ನ ಬೆಂಗಳೂರಿನಲ್ಲಿ 35 ಡಿಗ್ರಿ ಎಂದುಕೊಳ್ಳಿ. 15 ಡಿಗ್ರಿ ಏರಿಕೆಗೆ ಎಂಟಡಿಯ ಉದ್ದದಲ್ಲಿ ಉಕ್ಕು ಸುಮಾರು 0.4 ಮಿ.ಮೀ. ಬೆಳೆಯುತ್ತದೆ. ಬಿಸಿಲಿನಲ್ಲಿ ಗಾಡಿಯ ಸೀಟಿನ ಮೇಲೆ ಬಿಟ್ಟ ಟೇಪು ಇನ್ನೂ ಹೆಚ್ಚು. ನೆರಳಿಗೆ ತಂದು ಸ್ವಲ್ಪ ಹೊತ್ತು ಬಿಟ್ಟು ಅಳೆಯಿರಿ, ಅಷ್ಟು ಸಾಕು. ಇದಕ್ಕಿಂತ ಮರದ ಬಗ್ಗೆ ಯೋಚಿಸಿ. 300 ಮಿ.ಮೀ. ಅಗಲದ ತೇಗದ ಹಲಗೆಯ ತೇವಾಂಶ ಮಾರ್ಚಿನಿಂದ ಆಗಸ್ಟಿಗೆ ಶೇಕಡಾ ನಾಲ್ಕರಷ್ಟು ಬದಲಾದರೆ, ಅದನ್ನು ಸೀಳಿದ ಬಗೆಯನ್ನು ಅವಲಂಬಿಸಿ ಅಗಲದಲ್ಲಿ ಎರಡು ಮಿಲಿಮೀಟರಿನವರೆಗೂ ಹೆಚ್ಚಬಹುದು. ಉದ್ದದಲ್ಲಿ ಬಹುತೇಕ ಏನೂ ಆಗುವುದಿಲ್ಲ.

ಲೇಸರ್ ಯಂತ್ರ ತಂದರೆ ಟೇಪು ಬೇಡವಲ್ಲವೇ?

ಕೈಗೆ ಸಿಗುವ ಸಾಮಾನ್ಯ ಲೇಸರ್ ಯಂತ್ರಗಳ ನಿಖರತೆ ±1.5ರಿಂದ 3 ಮಿ.ಮೀ. ಕೋಣೆಯ ಉದ್ದಗಲಕ್ಕೆ ಅದು ಅದ್ಭುತ, ಒಬ್ಬರೇ ಅಳೆಯಬಹುದು. ಮರ ಕತ್ತರಿಸಲು ಅದನ್ನು ಬಳಸಬೇಡಿ.

ಟೇಪನ್ನು ಕ್ಯಾಲಿಬ್ರೇಶನ್ ಮಾಡಿಸಬೇಕೇ?

ನಕ್ಷೆ ಹಿಡಿದು ಕಾರ್ಖಾನೆಗಳಿಗೆ ಮಾಲು ಕೊಡುವವರಿಗೆ ಬೇಕಾಗಬಹುದು. ಅವರು ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಪ್ರಯೋಗಾಲಯಕ್ಕೆ ಕೊಟ್ಟು ಪ್ರಮಾಣಪತ್ರ ಪಡೆಯಬೇಕು. ಮನೆಯ ಪೀಠೋಪಕರಣ ಮಾಡುವವರು ಅದೇ ಹಣದಲ್ಲಿ ಒಂದು ಮೀಟರಿನ ಒಳ್ಳೆಯ ಉಕ್ಕಿನ ಸ್ಕೇಲ್ ಕೊಂಡು, ಅದನ್ನು ಕೆಲಸಕ್ಕೆ ಹಚ್ಚದೆ, ಟೇಪುಗಳನ್ನು ಹೋಲಿಸಲಿಕ್ಕೆಂದೇ ಗೋಡೆಗೆ ತೂಗುಹಾಕಿಕೊಳ್ಳಿ.

ಹಳೆಯ ಆಚಾರ್ರು ಟೇಪನ್ನು ಹೆಚ್ಚು ಮುಟ್ಟದೆಯೇ ಕೆಲಸ ಮುಗಿಸುತ್ತಾರೆ. ಅವರು ಅಳೆಯುವುದಾದರೂ ಹೇಗೆ?

ರೀಪಿನಿಂದ, ಅಂದರೆ ಉದ್ದನೆಯ ಮರದ ಪಟ್ಟಿಯಿಂದ. ನೆಟ್ಟಗಿರುವ ತೆಳು ರೀಪೊಂದನ್ನು ತೆಗೆದುಕೊಂಡು, ಕಪಾಟು ನಿಲ್ಲುವ ಜಾಗದಲ್ಲೇ ಹಿಡಿದು, ಎತ್ತರ, ಪ್ರತಿ ಅಡ್ಡಹಲಗೆಯ ಜಾಗ, ಡ್ರಾಯರಿನ ಬಾಯಿ ಎಲ್ಲವನ್ನೂ ಅದರ ಮೇಲೆ ಕಚ್ಚು ಹಾಕಿ ಗುರುತಿಸುತ್ತಾರೆ. ಇನ್ನೊಂದು ಮುಖದಲ್ಲಿ ಅಗಲದ ಗುರುತುಗಳು. ಆಮೇಲೆ ಹಲಗೆಗಳಿಗೆ ಗುರುತು ಹೋಗುವುದು ರೀಪಿನಿಂದಲೇ. ನಡುವೆ ಅಂಕಿ ಓದುವುದಿಲ್ಲ, ಬರೆಯುವುದಿಲ್ಲ, ಕೂಗಿ ಹೇಳುವುದಿಲ್ಲ; ಹಾಗಾಗಿ 67 ಎಂಬುದು 76 ಆಗುವ ದಾರಿಯೇ ಇಲ್ಲ. ಎಡಬದಿ, ಬಲಬದಿಯ ಹಲಗೆಗಳಿಗೆ ಒಂದೇ ರೀಪು ಹಿಡಿದರೆ ಎರಡೂ ತಾಳೆಯಾಗುತ್ತವೆ. ಪೆಟ್ಟಿಗೆ ಜೋಡಿಸಿದ ಮೇಲೆ ಮೂಲೆಯಿಂದ ಎದುರು ಮೂಲೆಗೆ ಒಂದು ಉದ್ದನೆಯ ರೀಪು ಹಿಡಿದು ಎರಡೂ ಕರ್ಣಗಳು ಸಮ ಇವೆಯೇ ಎಂದು ನೋಡುತ್ತಾರೆ. ಕರ್ಣ ಎಷ್ಟು ಉದ್ದ ಎಂಬ ಅಂಕಿ ಅಲ್ಲಿ ಯಾರಿಗೂ ಬೇಕಿಲ್ಲ. ನಾನೂ ಪ್ರತಿ ಅಡುಗೆಮನೆಯ ಕೆಲಸಕ್ಕೆ ಇಂಥ ರೀಪೊಂದನ್ನು ಮಾಡಿ, ಮನೆಯ ಹೆಸರು, ತಾರೀಕು ಬರೆದು, ಶೆಡ್ಡಿನ ಸೂರಿನಡಿ ಸಿಕ್ಕಿಸಿಡುತ್ತೇನೆ. ಎರಡು ವರ್ಷ ಬಿಟ್ಟು ಅದೇ ಮನೆಯವರು ಬಾಗಿಲು ಬದಲಾಯಿಸಿ ಕೊಡಿ ಎಂದರೆ, ಅವರ ಮನೆಗೆ ಮತ್ತೆ ಅಳೆಯಲು ಹೋಗುವ ಮೊದಲೇ ಹಲಗೆ ಆರಿಸಿಟ್ಟಿರುತ್ತೇನೆ.